ನಮ್ಮನೆಯವರು

ಇಸ್ತ್ರಿಯಣ್ಣ ಅಂಗಿಯ ಎಡತೋಳನ್ನು ಮತ್ತೆ ಮಗುಚಿ ಹಾಕಿ ನೀರು ಚಿಮುಕಿಸಿದ. ಗೆರೆ ಆಗಲೇ ಕೂತಿತ್ತು. ಆದರೂ ಅದರ ಮೇಲೆ ಪೆಟ್ಟಿಗೆಯನ್ನು ಇನ್ನೊಂದು ಸಲ ಎಳೆದ.

"ಇನ್ನೂ ಎಷ್ಟು ತೀಡ್ತೀರಿ? ಬಟ್ಟೆ ಹರಿದು ಕೈಗೆ ಬಂದೀತು," ಎಂದ ಲಾಂಡ್ರಿಯ ಮಾಲೀಕ, ಅಂಗಡಿಯ ಶಟರು ಅರ್ಧ ಎಳೆದು ನಿಂತು. "ಸ್ಮಶಾನದ ವ್ಯಾನು ಬರೋ ಹೊತ್ತಾಯ್ತು. ಗುಂಡಿಯಕ್ಕನಿಗೆ ಹೊದಿಸೋ ಬಟ್ಟೆ ಆಗಲೇ ಆಯ್ತಲ್ಲ, ಇದು ಯಾರ ಅಂಗಿ?"

"ಅವರ ಮನೆಯವರಿಗೆ."

ಮಾಲೀಕ ಬಗ್ಗಿ ಅಂಗಿಯನ್ನು ನೋಡಿದ.

"ಹಾಸಿಗೆ ಹಿಡಿದ ಮನುಷ್ಯ," ಎಂದ ಇಸ್ತ್ರಿಯಣ್ಣ. "ಇವತ್ತು ನಾಲ್ಕು ಜನರ ಮುಂದೆ ಕೂತ್ಕೋಬೇಕು. ನಿನ್ನೆಯಿಂದ ಅವರ ಬಟ್ಟೆಬರೆ ನೋಡೋರು ಯಾರು?"

ಯಾರೋ ಒಗೆಯಲು ಕೊಟ್ಟು, ಮರೆತು, ವರ್ಷಗಟ್ಟಲೆ ಕೊಕ್ಕೆಯಲ್ಲಿ ನೇತಾಡಿದ ಅಂಗಿ ಅದು. ಗುಂಡಿಯಕ್ಕನ ಗಂಡನನ್ನು ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಅಳತೆ ಊಹೆಯ ಮೇಲೆ ಹೋಗಿತ್ತು. ರೋಗಿಯೆಂದಮೇಲೆ ಸಣಕಲು ಇರಬೇಕು. ಆದರೆ ಆಕೆಯ ಕೈಯಡುಗೆ ಉಂಡವನು ಎಷ್ಟು ತಾನೇ ಸಣಕಲಾದಾನು ಎಂದು ಇಸ್ತ್ರಿಯಣ್ಣ ನಡುವಿನ ಅಳತೆಯನ್ನು ಆರಿಸಿಕೊಂಡಿದ್ದ.

ಅವನಿಗೆ ಅಂಗಿಗಿಂತ ತನ್ನ ಮುಖದ ಚಿಂತೆ ಹೆಚ್ಚಾಗಿತ್ತು. ಇವತ್ತು ಮೊದಲ ಸಲ ಆ ಮನುಷ್ಯನ ಎದುರು ನಿಲ್ಲಬೇಕು. "ಇನ್ನು ಮೇಲೆ ನಿಮ್ಮ ಬಟ್ಟೆ ನಾನು ನೋಡ್ಕೋತೀನಿ" ಎನ್ನಬೇಕು. ಆ ಮಾತನ್ನು ರಾತ್ರಿಯಿಂದ ಬಾಯಿಪಾಠ ಮಾಡಿದ್ದ. ಹೇಳುವಾಗ ಕಣ್ಣೀರು ಬಂದರೆ ಬರಲಿ, ಜೊತೆಗೆ ಕೆಲಸ ಮಾಡಿದವರು ಅಳುತ್ತಾರೆ. ಅದಕ್ಕಿಂತ ಒಂದು ಹನಿ ಹೆಚ್ಚಾದರೆ ಕಟ್ಟಿಕೊಂಡ ಗಂಡನಿಗೆ ಗೊತ್ತಾಗದೆ ಇರುತ್ತದೆಯೇ? ಇಸ್ತ್ರಿಯಣ್ಣ ಅವಳನ್ನು ಪ್ರೀತಿಸುತ್ತಿದ್ದ. ಹೆಂಡತಿ ಸತ್ತು ಎಷ್ಟೋ ಕಾಲವಾದ ಮೇಲೆ ಬಂದ ಆ ಪ್ರೀತಿಗೆ ನಾಚಿ, ಯಾರ ಮುಂದೆಯೂ ಉಸಿರೆತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು.

ಅಂಗಿಯನ್ನು ಮಡಚದೆ ಮೊಣಕೈ ಮೇಲೆ ಹಾಕಿಕೊಂಡು ಶಟರಿನಡಿ ಬಾಗಿ ಹೊರಗೆ ಬಂದ.

*

ಗಿರಾಕಿಗಳ ಬಟ್ಟೆಗೆ ಗುಂಡಿ ಕಿತ್ತುಹೋಗಿದ್ದರೆ ಅವಳೇ ತನ್ನ ಡಬ್ಬಿಯಿಂದ ಒಂದನ್ನು ಹುಡುಕಿ ಹೊಲಿದುಬಿಡುತ್ತಿದ್ದಳು. ಯಾರೂ ಕೇಳದಿದ್ದರೂ ಹೊಲಿಯುತ್ತಿದ್ದಳು. ಹಾಗಾಗಿ ಗುಂಡಿಯಕ್ಕ. ಬೋಳುತಲೆಯ ಗಿರಾಕಿಯೊಬ್ಬ, "ಅಕ್ಕಾ, ನನ್ನ ಕೂದಲೂ ಕಿತ್ತುಹೋಗಿದೆ, ಹೊಲಿದುಕೊಡಿ" ಎಂದಾಗ, "ಕೂದಲು ಸ್ಟಾಕ್ ಇಲ್ಲ ಸಾರ್, ಬೇಕಾದ್ರೆ ಕಾಜಾ ಹಾಕ್ಕೊಡ್ತೀನಿ" ಎಂದು ಅವನ ತಲೆಯ ಕಡೆ ಸೂಜಿ ತೋರಿಸಿದ್ದಳು.

ಎಲ್ಲರಿಗೂ ಅವಳು ಅಕ್ಕ. ಇಸ್ತ್ರಿಯಣ್ಣನ ನಾಲಿಗೆಗೆ ಮಾತ್ರ ಆ ಅಕ್ಕ ಬರಲೊಲ್ಲದು. ಬೇರೇನು ಕರೆಯುವುದಕ್ಕೂ ಹಕ್ಕಿಲ್ಲ. ಹಾಗಾಗಿ ಅಷ್ಟು ವರ್ಷವೂ "ಇವರೇ, ಆ ನೀಲಿ ಕೋಟು ಆಯ್ತು," "ಇವರೇ, ಟೀ ಬಂತು" ಎಂದೇ ಕಾಲ ಹಾಕಿದ.

ಕೆಲಸ ಎಷ್ಟೇ ಇರಲಿ, ತಲೆ ಮೇಲೆ ತಲೆ ಬಿದ್ದರೂ ಸಂಜೆ ಅವಳು ಹೊತ್ತಿಗೆ ಸರಿಯಾಗಿ ಹೊರಡುವಳು. ಒಂದು ಮದುವೆ ಸೀಸನ್ನಿನಲ್ಲಿ ಮಾಲೀಕ ತಡೆದ.

"ಎರಡು ತಾಸು ಜಾಸ್ತಿ ಇರಿ ಅಕ್ಕ."

"ಆಗಲ್ಲ ಸಾರ್. ನಮ್ಮನೆಯವರು ಕಾಯ್ತಿರ್ತಾರೆ. ದೀಪ ಆರೋದ್ರೊಳಗೆ ಹೋಗಿ ಮುಖ ನೋಡ್ಬೇಕು. ಎರಡು ದಿನದಿಂದ ತಲೆನೇ ಎತ್ತಿಲ್ಲ."

ಇಸ್ತ್ರಿಯಣ್ಣನ ಕೈ ನಿಂತಿತು. "ಹುಷಾರಿಲ್ವಾ?"

"ನೀರು ಜಾಸ್ತಿ ಆಯ್ತೋ ಕಮ್ಮಿ ಆಯ್ತೋ ತಿಳೀತಿಲ್ಲ. ಅಳೆದೇ ಕೊಡ್ತೀನಿ."

"ಡಾಕ್ಟ್ರಿಗೆ ತೋರಿಸಿ ಇವರೇ."

ಅವಳು ನಕ್ಕುಬಿಟ್ಟಳು. "ಅವರಿಗೆಲ್ಲ ಯಾವ ಡಾಕ್ಟ್ರು? ನಾನೇ ಡಾಕ್ಟ್ರು, ನಾನೇ ನರ್ಸು."

ಅವಳು ಹೋದ ಮೇಲೆ ಮಾಲೀಕ ತೀರ್ಪು ಕೊಟ್ಟ: "ನೀರು ಅಳೆದು ಕೊಡೋದು ಅಂದ್ರೆ ಕಿಡ್ನಿನೇ." ಮುಂದೊಂದು ದಿನ "ಅವರಿಗೆ ಬಿಸಿಲೇ ಗೊತ್ತಿಲ್ಲ, ದೀಪದಲ್ಲೇ ಇರ್ತಾರೆ" ಎಂದು ಅವಳೇ ಅಂದಾಗ ಕಿಡ್ನಿಯ ಜೊತೆ ಕಣ್ಣಿನ ಕಾಯಿಲೆಯೂ ಸೇರಿಕೊಂಡಿತು. ಹೀಗೆ ಆ ಗಂಡ ಲಾಂಡ್ರಿಯ ಹಬೆಯಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆದ. ಇಂಥವನನ್ನು ನಗುನಗುತ್ತ ಸಾಕುವ ಹೆಂಗಸಿನ ಮೇಲೆ ಮನಸ್ಸಿಟ್ಟದ್ದಕ್ಕೆ ಇಸ್ತ್ರಿಯಣ್ಣ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಆಗಾಗ ಅವಳು ಪುಟ್ಟ ಡಬ್ಬಿಯಲ್ಲಿ ಗೋಲಿಯಷ್ಟು ದಪ್ಪದ ಟೊಮೆಟೊ ತಂದು ಅವನ ಮೇಜಿನ ಅಂಚಿಗಿಡುತ್ತಿದ್ದಳು.

"ತಗೊಳ್ಳಿ ಇಸ್ತ್ರಿಯವರೇ, ನಮ್ಮನೆಯವರು ಕೊಟ್ಟಿದ್ದು."

ರೋಗಿಯ ಪಾಲಿನ ಹಣ್ಣು ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಥ್ಯಾಂಕ್ಸ್ ಅಂತ ಹೇಳಿ ಅವರಿಗೆ," ಎನ್ನುತ್ತಿದ್ದ.

"ಹೇಳ್ತೀನಿ. ಖುಷಿಪಡ್ತಾರೆ."

*

ಅವಳ ಮನೆ ಮೂರನೇ ಮಹಡಿಯಲ್ಲಿತ್ತು. ನಿನ್ನೆ ಸಂಜೆ ಕೆಲಸದಿಂದ ಬಂದವಳು ಎರಡನೇ ಮಹಡಿಯ ಮೆಟ್ಟಿಲಲ್ಲಿ ಚೀಲ ಪಕ್ಕಕ್ಕಿಟ್ಟು ಕೂತಿದ್ದಳಂತೆ. ಕೂತಲ್ಲೇ ಎದೆಬಡಿತ ನಿಂತಿತ್ತು. ಇಸ್ತ್ರಿಯಣ್ಣ ಆ ಮೆಟ್ಟಿಲುಗಳನ್ನು ಗೋಡೆಯ ಪಕ್ಕಕ್ಕೇ ಸರಿದು ಹತ್ತಿದ.

ಮುಂದಿನ ಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ಜನ ಹೆಚ್ಚಿರಲಿಲ್ಲ. ತಲೆಯ ಹತ್ತಿರ ಬೆಳಗಿನ ರೈಲಿನಲ್ಲಿ ಬಂದ ತಂಗಿ ಪ್ರಯಾಣದ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಎದುರುಮನೆಯಾಕೆ ಬಂದವರಿಗೆ ನೀರು ಕೊಡುತ್ತಿದ್ದಳು. ಅಂಗಡಿಯಿಂದ ತಂದ ಬಿಳಿ ಬಟ್ಟೆಯನ್ನು ಇಸ್ತ್ರಿಯಣ್ಣನೇ ಹೊದಿಸಿದ. ಪಾದದ ಕಡೆ ಒಂದು ಸುಕ್ಕು ಬಿತ್ತು, ಅಂಗೈಯಿಂದ ನೇವರಿಸಿದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು, ಅದೂ ಬಟ್ಟೆಯ ಮೇಲಿಂದ.

ಎದ್ದು ನಿಂತು ಸುತ್ತ ನೋಡಿದ. ಗಂಡನೆಂಬವನು ಎಲ್ಲೂ ಕಾಣಲಿಲ್ಲ. ಎದುರುಮನೆಯಾಕೆಯ ಬಳಿ ಸರಿದು ಪಿಸುಗುಟ್ಟಿದ: "ಅವರ ಮನೆಯವರು ಎಲ್ಲಿ?"

"ಓ, ನಮ್ಮನೆಯವರಾ? ನಿಮಗೂ ಗೊತ್ತಾ?" ಆಕೆಯ ಕಣ್ಣು ತುಂಬಿತು. "ಅಡುಗೆಮನೇಲಿದ್ದಾರೆ. ಪಾಪ, ಬೆಳಗ್ಗೆಯಿಂದ ಯಾರೂ ತಿರುಗಿ ನೋಡಿಲ್ಲ."

ಇಸ್ತ್ರಿಯಣ್ಣ ಮೊಣಕೈ ಮೇಲಿನ ಅಂಗಿ ಸರಿಮಾಡಿಕೊಂಡು ಅಡುಗೆಮನೆಯ ಕಡೆ ನಡೆದ. ಮುಚ್ಚಿದ ಬಾಗಿಲಿನ ಅಡಿಯಿಂದ ಬೆಳಕು ಬರುತ್ತಿತ್ತು. ಹಿಡಿಯ ಮೇಲೆ ಕೈಯಿಟ್ಟವನಿಗೆ ಅದನ್ನು ತಿರುಗಿಸಲಾಗಲಿಲ್ಲ.

*

ಹೋದ ವರ್ಷ ಒಂದು ಶನಿವಾರ ಅವಳೇ ಕರೆದಿದ್ದಳು. ಮಾಲೀಕ ಹೊರಗೆ ಹೋಗಿದ್ದ. ಗುಂಡಿಡಬ್ಬಿಯಲ್ಲಿ ಬೆರಳಾಡಿಸುತ್ತ, ಅವನ ಕಡೆ ನೋಡದೆ ಹೇಳಿದಳು:

"ನಾಳೆ ರಜಾ ಅಲ್ವಾ. ಮನೆಗೆ ಬನ್ನಿ ಇಸ್ತ್ರಿಯವರೇ. ನಮ್ಮನೆಯವರನ್ನ ತೋರಿಸ್ತೀನಿ."

'ತೋರಿಸ್ತೀನಿ' ಎಂಬ ಮಾತು ಅವನಿಗೆ ವಿಚಿತ್ರವಾಗಿ ಕೇಳಿತ್ತು. ಗಂಡನನ್ನು ಪರಿಚಯ ಮಾಡಿಸುತ್ತಾರೆ, ತೋರಿಸುತ್ತಾರೆಯೇ? ರೋಗಿಯಲ್ಲವೇ, ನೋಡಿಕೊಂಡು ಬರುವುದೇ ಇರಬೇಕು ಎಂದುಕೊಂಡ. ಆ ಮಂಚದ ಪಕ್ಕ ಕೂತು, ಅವಳು ಅವನಿಗೆ ಚಮಚದಲ್ಲಿ ಕುಡಿಸುವುದನ್ನು ನೋಡುವ ಶಕ್ತಿ ತನಗಿಲ್ಲವೆನಿಸಿತು. ಇಲ್ಲ ಎನ್ನಲೂ ಬಾಯಿ ಬರಲಿಲ್ಲ.

"ನೋಡ್ತೀನಿ," ಎಂದ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

'ನೋಡ್ತೀನಿ' ಎಂದರೆ 'ಬರೋದಿಲ್ಲ' ಎಂದರ್ಥ. ಲೋಕಕ್ಕೆಲ್ಲ ಗೊತ್ತಿರುವ ಮಾತು. ಭಾನುವಾರವಿಡೀ ತನ್ನ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿದ. ಸೋಮವಾರ "ಮರೆತೇಹೋಯ್ತು" ಎಂದ.

"ಪರವಾಗಿಲ್ಲ," ಎಂದಳು ಅವಳು, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ. "ಅವರು ಎಲ್ಲಿಗೂ ಹೋಗಲ್ಲ. ಯಾವತ್ತಾದ್ರೂ ಬನ್ನಿ."

*

ಬಾಗಿಲು ತೆರೆದ. ಒಳಗೆ ಯಾರೂ ಇರಲಿಲ್ಲ.

ಬಚ್ಚಲಿಗೆ ಹೋಗಿರಬೇಕು ಎಂದುಕೊಂಡು ಅಂಗಿ ಹಿಡಿದು ಕಾದ. ಒಬ್ಬರೇ ನಿಲ್ಲುವಷ್ಟು ಅಡುಗೆಮನೆ. ಒಂದು ತಟ್ಟೆ, ಒಂದು ಲೋಟ ಬೋರಲಾಗಿದ್ದವು. ಕಟ್ಟೆಯ ಮೇಲೆ, ಮಿಕ್ಸರ್ ಇಡುವ ಜಾಗದಲ್ಲಿ, ಬಿಳಿ ಪ್ಲಾಸ್ಟಿಕ್ಕಿನ ಉದ್ದನೆಯ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಕಣ್ಣು ಕುಕ್ಕುವ ದೀಪ. ಪೆಟ್ಟಿಗೆಯ ಮುಚ್ಚಳದ ತೂತುಗಳಿಂದ ಗಿಡಗಳು ಎದ್ದು ನಿಂತಿದ್ದವು: ಟೊಮೆಟೊ, ಮೆಣಸು, ಪುದೀನ, ಯಾವುದೋ ಸೊಪ್ಪು. ಮಣ್ಣೆಂಬುದು ಎಳ್ಳಷ್ಟೂ ಇಲ್ಲ. ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. ಬಳುಕುವ ಕಾಂಡಗಳನ್ನು ದಾರದಿಂದ ದೀಪದ ಕಂಬಕ್ಕೆ ಕಟ್ಟಿತ್ತು; ದಾರ ಕುಯ್ಯದಿರಲೆಂದು ಒಂದೊಂದು ಕಡೆಯೂ ಅಂಗಿಯ ಗುಂಡಿ ಪೋಣಿಸಿತ್ತು.

"ಅವನು ಲಂಬು," ಎಂದಳು ಹಿಂದಿನಿಂದ ಬಂದ ಎದುರುಮನೆಯಾಕೆ, ಎತ್ತರದ ಟೊಮೆಟೊ ತೋರಿಸಿ. "ಈ ಪುದೀನ ಅಳುಮುಂಜಿ. ನೀರು ಚೂರು ಕಮ್ಮಿಯಾದ್ರೂ ತಲೆ ಬಗ್ಗಿಸ್ಬಿಡ್ತಾಳೆ."

"ಅವರ ಮನೆಯವರು..."

"ಇವರೇ."

"ಅಲ್ಲ, ಅವರ ಗಂಡ."

"ಯಾರ ಗಂಡ?" ಆಕೆ ಅವನ ಮುಖವನ್ನೂ ಕೈಯಲ್ಲಿದ್ದ ಅಂಗಿಯನ್ನೂ ನೋಡಿದಳು. "ಅಕ್ಕನಿಗೆ ಮದುವೆನೇ ಆಗಿರಲಿಲ್ವಲ್ಲ. ಈ ಪೆಟ್ಟಿಗೆ ನಮ್ಮದೇ. ಮಣ್ಣಿಲ್ಲದೆ ನೀರಲ್ಲೇ ಗಿಡ ಬೆಳೆಸೋದು, ದೀಪ ಹೊತ್ತಿಗೆ ಸರಿಯಾಗಿ ತಾನೇ ಹತ್ತಿ ತಾನೇ ಆರುತ್ತೆ. ಮಗಳಿಗೆ ಯಾರೋ ಉಡುಗೊರೆ ಕೊಟ್ಟಿದ್ರು. ನಮಗೆ ಪುರುಸೊತ್ತೆಲ್ಲಿ, ಇವರಿಗೆ ಕೊಟ್ಟೆ. ಬೀಜ ಮೊಳೆಯೋವರೆಗೂ ಊಟ ನಿದ್ದೆ ಬಿಟ್ಟು ಮುಚ್ಚಳ ತೆಗೆದು ತೆಗೆದು ನೋಡೋರು. 'ಏನಕ್ಕಾ ಇಷ್ಟು ಒದ್ದಾಟ, ಇವರೇನು ನಿಮ್ಮನೆಯವ್ರಾ?' ಅಂತ ನಾನೇ ರೇಗಿಸಿದ್ದು. 'ಮತ್ತೆ? ನಮ್ಮನೇಲಿರೋರು ಇವರೇ ತಾನೆ' ಅಂದ್ರು. ಅವತ್ತಿಂದ ಅದೇ ಹೆಸರು."

ಇಸ್ತ್ರಿಯಣ್ಣ ಕೈಯಲ್ಲಿದ್ದ ಅಂಗಿಯನ್ನು ನೋಡಿದ. ಒಬ್ಬ ಗಂಡ ಸತ್ತಂತೆಯೂ, ಅದಕ್ಕೆ ತಾನೇ ಕಾರಣನಾದಂತೆಯೂ ಅನಿಸಿತು.

"ನೀವು ಅಂಗಡಿಯೋರಾ?" ಎಂದಳು ಆಕೆ. "ಹೋದ ವರ್ಷ ಒಂದು ಭಾನುವಾರ ಅಲ್ಲಿಂದ ಯಾರೋ ಬರ್ತಾರೆ ಅಂತ ನನ್ನ ಕುರ್ಚಿ ಇಸ್ಕೊಂಡಿದ್ರು. ಇಲ್ಲಿರೋದು ಒಂದೇ ಕುರ್ಚಿ. ಸಂಜೆ ವಾಪಸ್ ತಂದಿಟ್ರು. ಯಾರಕ್ಕ ಬರೋರಿದ್ದಿದ್ದು ಅಂದ್ರೆ, ಇಸ್ತ್ರಿಯವರು ಅಂದ್ರು. ಬಟ್ಟೆ ಇಸ್ಕೊಂಡು ಹೋಗೋರಿಗೆ ಕುರ್ಚಿ ಯಾಕಪ್ಪ ಅಂತ ನಾನು ನಕ್ಕೆ. ಅವರೂ ನಕ್ರು."

ಲೋಕಕ್ಕೆಲ್ಲ ಗೊತ್ತಿದ್ದ 'ನೋಡ್ತೀನಿ'ಯ ಅರ್ಥ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಬರುತ್ತಾನೆ ಎಂದೇ ನಂಬಿ ಆ ದಿನವೆಲ್ಲ ಎರಡು ಕುರ್ಚಿಯ ಮನೆಯಲ್ಲಿ ಒಬ್ಬಳೇ ಕೂತಿದ್ದಳು.

ಬಾಗಿಲಲ್ಲಿ ಮಾಲೀಕ ಇಣುಕಿದ. "ಎಲ್ರೀ ಗಂಡ? ಆ ತಂಗಿ ಏನೇನೋ ಹೇಳ್ತಾಳೆ. ಮದುವೆನೇ ಆಗಿಲ್ವಂತೆ!" ಗಿಡ ನೋಡಿದ, ದೀಪ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ ದೇವರೇ. ಇಷ್ಟು ವರ್ಷ ನಮ್ಮ ಕಿವಿ ಮೇಲೆ ಹೂ ಇಟ್ಟಿದ್ಲಲ್ಲ!"

"ಅವರು ಸುಳ್ಳು ಹೇಳ್ಲಿಲ್ಲ." ಇಸ್ತ್ರಿಯಣ್ಣನ ದನಿ ಅವನಿಗೇ ಹೊಸದಾಗಿ ಕೇಳಿತು. "ಅವರು 'ನಮ್ಮನೆಯವರು' ಅಂದ್ರು. ಎಷ್ಟು ಜನ ಅಂತ ನಾವು ಕೇಳ್ಲಿಲ್ಲ. ಗಂಡ ಅಂತ ಮಾಡ್ಕೊಂಡೋರು ನಾವು, ಕಿಡ್ನಿ ಹಾಳು ಮಾಡಿದೋರು ನೀವು."

ಮಾಲೀಕ ತಲೆ ತಗ್ಗಿಸಿದ. ಕೈ ಚಾಚಿ, "ಅಂಗಿ ಇಲ್ಲಿ ಕೊಡಿ, ನಾನು ಇಟ್ಕೋತೀನಿ," ಎಂದು ಮೆತ್ತಗೆ ಹೇಳಿ ತೆಗೆದುಕೊಂಡು ಹೋದ.

ಅವನು ಹೋದ ಬೆನ್ನಿಗೇ ತಂಗಿ ಬಂದಳು. ಅಳು ನಿಂತು ಮುಖ ಒಣಗಿತ್ತು. "ವ್ಯಾನು ಬಂತು, ಬನ್ನಿ. ಇದರ ಪ್ಲಗ್ ತೆಗೆದುಬಿಡ್ಲಾ? ಹೇಗೂ ಮನೆ ಖಾಲಿ ಮಾಡ್ಬೇಕು."

"ಬೇಡಮ್ಮ," ಎಂದ ಇಸ್ತ್ರಿಯಣ್ಣ, ಪ್ಲಗ್ಗಿನ ಮೇಲೆ ಕೈ ಅಡ್ಡ ಇಟ್ಟು. "ಈಗ ಬೇಡ."

ಅವಳು ಗಿಡಗಳನ್ನು ನೋಡಿದಳು. "ಫೋನ್ ಮಾಡಿದಾಗೆಲ್ಲ ಇವರದೇ ಸುದ್ದಿ. ನಾನು ಅರ್ಧಕ್ಕೇ ಇಟ್ಬಿಡ್ತಿದ್ದೆ," ಎಂದಷ್ಟೇ ಹೇಳಿ ಹೊರಗೆ ಹೋದಳು.

ಪೆಟ್ಟಿಗೆಯ ತುದಿಯ ಎರಡು ತೂತುಗಳ ಮೇಲೆ ಪುಟ್ಟ ಗಾಜಿನಂಥ ಟೋಪಿ ಮುಚ್ಚಿತ್ತು. ಒಂದರೊಳಗೆ ಮೊಳಕೆ ಎದ್ದಿತ್ತು, ಬೀಜದ ಸಿಪ್ಪೆ ಇನ್ನೂ ತಲೆಗೆ ಅಂಟಿಕೊಂಡೇ ಇತ್ತು. "ಅಯ್ಯೋ," ಎಂದಳು ಎದುರುಮನೆಯಾಕೆ, "ನಿನ್ನೆ ಬೆಳಗ್ಗೆ ನಾನೂ ಅಕ್ಕನೂ ಸೇರಿ ನೋಡಿದಾಗ ಇದು ಇರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಲಂಬುಗೆ ಹೂ ಬಿಟ್ಟಿದೆ ನೋಡಿ. ಮನೆಯೊಳಗೆ ಗಾಳಿ ಇಲ್ಲ, ಜೇನು ಬರಲ್ಲ. ಅಕ್ಕ ದಿನಾ ಒಂದೊಂದೇ ಹೂವನ್ನ ಬೆರಳಲ್ಲಿ ತಟ್ಟೋರು. ತಟ್ಟದೇ ಹೋದ್ರೆ ಕಾಯಿ ಕಟ್ಟಲ್ಲವಂತೆ, ಉದುರಿಹೋಗುತ್ತಂತೆ. ಬನ್ನಿ, ಅಕ್ಕನ್ನ ಎತ್ತುತ್ತಾರೆ."

"ನೀವು ನಡೀರಿ."

ಆಕೆ ಹೋದಳು. ಮುಂದಿನ ಕೋಣೆಯಲ್ಲಿ ಹೆಜ್ಜೆಗಳು ಸೇರಿದವು, "ನಿಧಾನ, ಬಾಗಿಲು ನೋಡ್ಕೊಳ್ಳಿ" ಎಂಬ ಮಾತು ಕೇಳಿತು; ಆಮೇಲೆ ಆ ಹೆಜ್ಜೆಗಳು ಮೆಟ್ಟಿಲಿಳಿದವು. ಇಸ್ತ್ರಿಯಣ್ಣ ಅಳುತ್ತಿದ್ದ. ಹನಿ ಲೆಕ್ಕ ಹಾಕುವವರು ಈಗ ಯಾರೂ ಇರಲಿಲ್ಲ.

ಕನ್ನಡಕ ಒರೆಸಿಕೊಂಡು ಮೊದಲ ಹೂವಿನ ತೊಟ್ಟಿಗೆ ಬೆರಳು ತಾಗಿಸಿದ. ಕಾದ ಕಬ್ಬಿಣ ಹಿಡಿದು ಹಿಡಿದು ದಡ್ಡುಗಟ್ಟಿದ ಬೆರಳಿಗೆ ಏನೂ ತಿಳಿಯಲಿಲ್ಲ. ಇನ್ನೂ ಮೆಲ್ಲಗೆ ತಟ್ಟಿದ. ಹೂ ನಡುಗಿ, ಹಳದಿ ಪುಡಿ ಉಗುರಿನ ಮೇಲೆ ಬಿತ್ತು.

ಕೆಳಗೆ ವ್ಯಾನು ಹಾರ್ನ್ ಮಾಡಿತು. "ಬನ್ರೀ, ಎಲ್ಲಾ ಹತ್ತಿದ್ದಾರೆ, ನಿಮಗೋಸ್ಕರ ಕಾಯ್ತಿದ್ದಾರೆ!" ಎಂದು ಮಾಲೀಕ ಮೆಟ್ಟಿಲ ಬುಡದಿಂದ ಕೂಗಿದ.

"ಬಂದೆ," ಎಂದ ಇಸ್ತ್ರಿಯಣ್ಣ, ಯಾರಿಗೂ ಕೇಳಿಸದಷ್ಟು ಮೆತ್ತಗೆ, ಮತ್ತು ಉಸಿರು ಬಿಗಿಹಿಡಿದು ಪಕ್ಕದ ಹೂವಿನತ್ತ ಬಾಗಿದ.