ಫ್ರೀಡೆನ್ಸ್ ಚರ್ಚು ಸುಟ್ಟ ದಿನ

ಫ್ರೀಡೆನ್ಸ್ ಚರ್ಚನ್ನು ಸುಟ್ಟುಬಿಡುವುದೆಂದು ತೀರ್ಮಾನವಾದದ್ದು ಆಲೂಗಡ್ಡೆ ಅಗೆಯುವ ಕಾಲದಲ್ಲಿ, ಒಂದು ಭಾನುವಾರ. ಪ್ರಾರ್ಥನೆ ಮುಗಿದ ಮೇಲೆ ಏಳು ಜನ ನೆಲಮಾಳಿಗೆಗೆ ಇಳಿದು ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ಏಳು ಜನ ಎಂದರೆ ಆ ಚರ್ಚಿನ ಪೂರ್ತಿ ಸಭೆಯೇ. ಎರಡು ಕೌಂಟಿಗಳ ಐದು ಚರ್ಚುಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಪಾದ್ರಿ ಹುಡುಗಿ ಅಂಜುತ್ತಲೇ ಮಾತೆತ್ತಿದಳು. ಛಾವಣಿ ಇನ್ನೊಂದು ಚಳಿಗಾಲ ತಡೆಯುವುದಿಲ್ಲ. ಮಾರಬಹುದು, ಹಾಗೇ ಬಿಟ್ಟುಬಿಡಬಹುದು, ಇಲ್ಲವೇ ಹಿಂದೆ ಉತ್ತರದ ಕಡೆಯ ಚರ್ಚಿನವರು ಮಾಡಿದ ಹಾಗೆ ಮಾಡಬಹುದು.

"ಸುಡೋದಾದ್ರೆ ಯಾರ‍್ಯಾರು ಒಪ್ತೀರಿ?" ಎಂದಳು.

ಮೊದಲು ಮೇಲೆದ್ದದ್ದು ಹುಲ್ಡಾ ಕೆಟರ್ಲಿಂಗ್‌ಳ ಕೈ. ನಲವತ್ತು ವರ್ಷದಿಂದ ಆ ಚರ್ಚಿನ ಆರ್ಗನ್ ನುಡಿಸಿಕೊಂಡು ಬಂದವಳು ಅವಳು. ಎದುರಿಗೆ ಕೂತಿದ್ದ ಅವಳ ತಮ್ಮ ವಿಲ್ಬರ್ಟ್, ಅಕ್ಕನನ್ನು ಗುರುತೇ ಸಿಗದವನ ಹಾಗೆ ನೋಡಿದ. ಒಬ್ಬೊಬ್ಬರಾಗಿ ಉಳಿದವರ ಕೈಗಳೂ ಎದ್ದವು. ವಿಲ್ಬರ್ಟ್‌ನ ಕೈ ಮಾತ್ರ ಕಾಫಿ ಬಟ್ಟಲನ್ನು ಬಿಡಲಿಲ್ಲ.

ಹುಲ್ಡಾ ಸುಮ್ಮನೆ ಕೈ ಎತ್ತಿರಲಿಲ್ಲ. ತಾನು ಹುಟ್ಟಿದ ಮನೆ ಸತ್ತ ಬಗೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಜನ ಬಿಟ್ಟುಹೋದ ವರ್ಷ ಕಿಟಕಿ ಒಡೆಯಿತು. ಮರುವರ್ಷ ಕರುಗಳು ಒಳಗೆ ನುಗ್ಗಿದವು. ಆಮೇಲೆ ತಾಯಿ ಹೆತ್ತ ಮಂಚದ ಮೇಲೇ ಮಾಳಿಗೆ ಕುಸಿದುಬಿತ್ತು. ಗೋಡೆಗಳು ಮಾತ್ರ ಬೀಳದೆ ಇನ್ನೂ ವಾಲಿಕೊಂಡು ನಿಂತಿದ್ದವು. ಆ ದಾರಿಯಲ್ಲಿ ಹೋಗುವಾಗ ಅವಳು ಮುಖ ಆಚೆ ತಿರುಗಿಸಿಬಿಡುತ್ತಿದ್ದಳು.

ಎಮ್ಮರ್ಟ್ ಕೌಂಟಿಯಲ್ಲಿ ಅಂಥ ಮನೆಗಳೇ ಹೆಚ್ಚು. ಹುಲ್ಡಾಳ ಅಜ್ಜ ಅಜ್ಜಿ ಕಪ್ಪು ಸಮುದ್ರದ ದಡದ ಜರ್ಮನ್ ಹಳ್ಳಿಯಿಂದ ಗೋಧಿ ಬೀಜ ಕಟ್ಟಿಕೊಂಡು ಇಲ್ಲಿಗೆ ಬಂದಾಗ ಡಕೋಟಾದ ಈ ಬಯಲಿನಲ್ಲಿ ನೆರಳಿಗೊಂದು ಮರ ಇರಲಿಲ್ಲ. ಮಣ್ಣು ಹುಲ್ಲು ಕಲಸಿ ಇಟ್ಟಿಗೆ ಮಾಡಿ ಮನೆ ಕಟ್ಟಿದರು. ತಾವು ಮಣ್ಣಿನ ಮನೆಯಲ್ಲೇ ಇದ್ದುಕೊಂಡು, ರೈಲಿನಲ್ಲಿ ಮರ ತರಿಸಿ ದೇವರಿಗೆ ಮರದ ಮನೆ ಕಟ್ಟಿದರು. ಗಂಟಲಮಾರಿ ಬಂದು ಮಕ್ಕಳು ಸತ್ತ ವರ್ಷ ಅದರ ಪಕ್ಕದಲ್ಲಿ ಪುಟ್ಟ ಪುಟ್ಟ ಕಬ್ಬಿಣದ ಶಿಲುಬೆಗಳ ಸಾಲೇ ಎದ್ದಿತು. ಆದರೂ ಜನ ತುಂಬಿಕೊಂಡರು. ಹಬ್ಬದ ದಿನ ಒಳಗೆ ಜಾಗವಿಲ್ಲದೆ ಗಂಡಸರು ಕಿಟಕಿಗೆ ಕಿವಿಯಿಟ್ಟು ಹೊರಗೇ ನಿಲ್ಲುತ್ತಿದ್ದರಂತೆ.

ಆಮೇಲೆ ಮಳೆ ಕೈಕೊಟ್ಟು ಹೊಲದ ಮಣ್ಣೇ ಗಾಳಿಗೆ ಹಾರಿದ ಧೂಳಿನ ವರ್ಷಗಳು ಬಂದವು. ಕಾರಿನ ನೆತ್ತಿಗೆ ಹಾಸಿಗೆ ಬಿಗಿದುಕೊಂಡು ಅರ್ಧಕ್ಕರ್ಧ ಜನ ಪಶ್ಚಿಮಕ್ಕೆ ಹೊರಟುಹೋದರು. ಉಳಿದವರು ಹೋದವರ ಹೊಲ ಕೊಂಡರು. ಹೊಲ ದೊಡ್ಡದಾದಷ್ಟೂ ನೆರೆಮನೆ ದೂರವಾಯಿತು. ಯಂತ್ರ ಬಂತು, ಆಳು ಬೇಡವಾದ. ರೈಲು ನಿಂತಿತು, ಆಸ್ಪತ್ರೆಗೆ ಬೀಗ ಬಿತ್ತು. ಶಾಲೆಯೂ ಮುಚ್ಚಿತು, ಅದರ ಕೊನೆಯ ತರಗತಿಯಲ್ಲಿ ಹುಲ್ಡಾಳ ಒಬ್ಬನೇ ಮಗ ಡ್ಯಾರೆಲ್ ಇದ್ದ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಡ್ಯಾರೆಲ್, ಗಟ್ಟಿಕಟ್ಟಿದ ಗೋಧಿಯನ್ನು ಕೆದಕಲು ಉಕ್ಕಿನ ಕಣಜಕ್ಕೆ ಇಳಿದ. ಕಾಲಡಿಯ ಕಾಳು ಜಾರಿ ಅವನನ್ನು ಒಳಗೆಳೆದುಕೊಂಡಿತು. ಅವನ ಮಣ್ಣಿನ ದಿನ ಮೂರು ಕೌಂಟಿಯ ಜನ ಸೇರಿದ್ದರು. ಫ್ರೀಡೆನ್ಸ್ ಚರ್ಚು ತುಂಬಿದ್ದು ಅದೇ ಕೊನೆ.

ಮೊದಲ ಹಿಮ ಬಿದ್ದು ಗಾಳಿ ಅಡಗಿದ ಒಂದು ಶನಿವಾರ ಸುಡುವುದೆಂದಾಯಿತು. ಕೌಂಟಿಯ ಅಗ್ನಿಶಾಮಕ ಪಡೆಯ ಮುಖ್ಯಸ್ಥ ವಿಲ್ಬರ್ಟೇ. ಪಡೆ ಎಂದರೆ ಅರವತ್ತು ದಾಟಿದ ನಾಲ್ವರು ರೈತರು, ಒಂದು ಹಳೆಯ ನೀರಿನ ಲಾರಿ. ಅದು ಸಾಲದೆಂದು ಪಕ್ಕದ ಕೌಂಟಿಯ ಲಾರಿಯನ್ನೂ ಕರೆಸಿದ್ದರು. ಬೆಳಿಗ್ಗೆ ಎಲ್ಲರೂ ಬಂದರು, ವಿಲ್ಬರ್ಟ್ ಬರಲಿಲ್ಲ.

"ಬೆಂಕಿ ಆರಿಸೋರ ದಳಪತಿಗೇ ಬೆಂಕಿ ಅಂದ್ರೆ ಭಯ ಆಗೋಯ್ತಾ ಹೇಗೆ?" ಎಂದ ಪಕ್ಕದ ಹೊಲದ ಮಿಲ್ಟನ್ ಹ್ಯೂಪಲ್. ಯಾರೂ ನಗಲಿಲ್ಲ. ಹುಲ್ಡಾ ಕಾರು ಹತ್ತಿದಳು.

ವಿಲ್ಬರ್ಟ್ ಅಡುಗೆಮನೆಯಲ್ಲಿ ಬರೀ ಕಾಲುಚೀಲದಲ್ಲಿ ಕೂತಿದ್ದ. ಮದುವೆಯಾಗದ ಗಂಡಸಿನ ಮನೆ. ಮೇಜಿನ ಮೇಲೆ ಒಂದೇ ತಟ್ಟೆ, ಒಂದೇ ಬಟ್ಟಲು.

"ಬೂಟು ಹಾಕ್ಕೋ," ಎಂದಳು ಬಾಗಿಲಲ್ಲೇ ನಿಂತು.

"ಕಾಲು ಊದಿದೆ."

"ಊದಿರೋದು ನಿನ್ನ ಮುಖ. ಎದ್ದೇಳೋ, ಅಲ್ಲಿ ಎಲ್ಲಾ ಚಳೀಲಿ ನಡುಗ್ತಾ ನಿಂತಿದಾರೆ."

"ಅಷ್ಟು ಅವಸರ ಇದ್ರೆ ನೀನೇ ಹಚ್ಚು ಹೋಗು. ಕೈ ಎತ್ತಿದವಳು ನೀನು ತಾನೇ?"

ಹುಲ್ಡಾ ಕುರ್ಚಿ ಎಳೆದುಕೊಂಡು ಕೋಟು ಬಿಚ್ಚದೆ ಕೂತಳು. ವಿಲ್ಬರ್ಟ್‌ನ ದನಿ ತಗ್ಗಿತು.

"ಅಕ್ಕ, ನಿನಗೆ ಹೇಗಾದ್ರೂ ಮನಸ್ಸು ಬಂತು? ಡ್ಯಾರೆಲ್‌ನ ಪೆಟ್ಟಿಗೆ ಇಟ್ಟಿದ್ದು ಅಲ್ಲೇ ಅಲ್ವಾ? ಆ ನೆಲದ ಹಲಗೆ ಮೇಲೇ ಅಲ್ವಾ?"

"ಅದಕ್ಕೇ ಬಂತು," ಎಂದಳು ಹುಲ್ಡಾ. "ಈಗ ಆ ಹಲಗೆ ಮೇಲೆ ಪಾರಿವಾಳ ಹಿಕ್ಕೆ ಹಾಕ್ತವೆ ಕಣೋ. ನೀವೆಲ್ಲಾ ಬರೋಕೆ ಮುಂಚೆ ಹೋಗಿ ಮಂಡಿಯೂರಿ ಉಜ್ತೀನಿ. ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಈ ಮಂಡಿ ಇನ್ನೆಷ್ಟು ದಿನ ಬಗ್ಗುತ್ತೆ ಹೇಳು? ನಾನು ಹೋದ್ಮೇಲೆ ಯಾರು ಉಜ್ತಾರೆ?"

"ನಾನು ಉಜ್ತೀನಿ."

"ನೀನೂ ಹೋದ್ಮೇಲೆ?"

ವಿಲ್ಬರ್ಟ್ ಕಿಟಕಿಯಾಚೆ ನೋಡಿದ. ಅಲ್ಲಿ ಹಿಮ ಬಿಟ್ಟರೆ ನೋಡಲು ಏನೂ ಇರಲಿಲ್ಲ. ಆಮೇಲೆ ಬಗ್ಗಿ ಬೂಟಿಗೆ ಕೈ ಹಾಕಿದ. ದಾರ ಎರಡು ಸಲ ಕಟ್ಟಿದ, ಎರಡು ಸಲವೂ ಬಿಚ್ಚಿಹೋಯಿತು. ಹುಲ್ಡಾಳೇ ನೆಲದ ಮೇಲೆ ಕೂತು, ಅವನು ಮಗುವಾಗಿದ್ದಾಗ ಕಟ್ಟಿದ ಹಾಗೆ ಕಟ್ಟಿದಳು.

ಅವರು ತಲುಪುವಷ್ಟರಲ್ಲಿ ದಾರಿಯುದ್ದಕ್ಕೂ ಕಾರುಗಳು ನಿಂತಿದ್ದವು. ಸುದ್ದಿ ಕೇಳಿ ಬಿಸ್ಮಾರ್ಕ್‌ನಿಂದ, ಫಾರ್ಗೋದಿಂದ, ಇನ್ನೂ ದೂರದಿಂದ ಬಂದಿದ್ದರು; ಇಲ್ಲಿ ನಾಮಕರಣವಾದವರು, ಇಲ್ಲಿ ಮದುವೆಯಾದವರು. ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು. ಹೆಂಗಸರು ಡೇರೆಯೊಳಗೆ ಕೆನೆ ಹುಯ್ದ ಜರ್ಮನ್ ಕೇಕು, ಕೂಕನ್, ಕುಯ್ದು ಹಂಚುತ್ತಿದ್ದರು. ಪಾದ್ರಿ ಹುಡುಗಿ ಜರ್ಮನ್ ಪ್ರಾರ್ಥನೆಯನ್ನು ತಪ್ಪುತಪ್ಪಾಗಿ ಓದಿದಳು. ಮುದುಕರು ತಿದ್ದಲಿಲ್ಲ, ಜೊತೆಗೆ ದನಿ ಸೇರಿಸಿದರು.

ವಿಲ್ಬರ್ಟ್ ಒಳಗೆ ಹೋಗಿ ಹುಲ್ಲಿನ ಕಂತೆಗೆ ಬೆಂಕಿ ಇಟ್ಟು, ಹಿಂದಕ್ಕೆ ನೋಡದೆ ಹೊರಗೆ ಬಂದ. ಮೊದಲು ಹೊಗೆ ಅಷ್ಟೇ ಇತ್ತು. ನೋಡನೋಡುತ್ತಿದ್ದಂತೆ ಕಿಟಕಿಗಳು ಕೆಂಪಾದವು. ಒಣಗಿದ ಹಳೆಯ ಮರ, ತಡಮಾಡಲಿಲ್ಲ. ಗೋಪುರ ಒಂದು ಗಳಿಗೆ ಗಟ್ಟಿಯಾಗಿ ನಿಂತಿದ್ದು, ಮೆಲ್ಲಗೆ ವಾಲಿ ಒಳಗೇ ಬಿತ್ತು. ಜನ ಒಟ್ಟಿಗೆ ಹಾ ಎಂದರು. ಹುಲ್ಡಾ ಮಾತ್ರ ಪಕ್ಕದ ಗೋರಿಗಳನ್ನು ನೋಡುತ್ತಿದ್ದಳು. ಕಾವಿಗೆ ಅಲ್ಲಿನ ಹಿಮ ಕರಗುತ್ತಿತ್ತು. ಡ್ಯಾರೆಲ್‌ನ ಕಲ್ಲಿನ ಸುತ್ತ, ಆ ಪುಟ್ಟ ಶಿಲುಬೆಗಳ ಸುತ್ತ ಒದ್ದೆ ಹುಲ್ಲು ವಸಂತದಲ್ಲಿ ಕಾಣುವಂತೆ ಕಾಣಿಸಿಕೊಂಡಿತು. ಅವಳಿಗೆ ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು.

"ಎಷ್ಟೊಂದು ಜನ!" ಎಂದಳು ಫಾರ್ಗೋದಿಂದ ಬಂದಿದ್ದ ಹುಲ್ಡಾಳ ದಾಯಾದಿ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ. "ಇಷ್ಟು ಚೆಂದದ್ದನ್ನ ಸುಡೋಕೆ ನಿಮಗೆಲ್ಲಾ ಹೇಗೆ ಮನಸ್ಸು ಬಂತೋ!"

"ನೀವಿಷ್ಟೂ ಜನ ಭಾನುವಾರ ಭಾನುವಾರ ಬಂದಿದ್ರೆ ನಾವ್ಯಾಕಮ್ಮ ಸುಡ್ತಿದ್ವಿ?" ಎಂದ ಮಿಲ್ಟನ್, ಮತ್ತೆ ತಾನೇ ನಾಚಿಕೊಂಡು ಅವಳಿಗೊಂದು ತುಂಡು ಕೂಕನ್ ತಂದುಕೊಟ್ಟ.

ಮಧ್ಯಾಹ್ನ ಇಳಿಯುವ ಮೊದಲೇ ಕಾರುಗಳೆಲ್ಲ ಹೊರಟುಹೋದವು. ಹೆದ್ದಾರಿಯಲ್ಲಿ ಹಿಮ ಬಿದ್ದೀತೆಂಬ ಹೆದರಿಕೆ ಎಲ್ಲರಿಗೂ. ಬೂದಿಗೆ ಕೊನೆಯ ನೀರು ಬಿಟ್ಟು ಪಕ್ಕದ ಕೌಂಟಿಯ ಲಾರಿಯೂ ಹೋಯಿತು. ಹುಲ್ಡಾ ಉಳಿದ ಕೂಕನ್ ಕಟ್ಟಿಕೊಂಡಳು.

"ಇವತ್ತು ನಮ್ಮನೇಲೇ ಊಟ ಮಾಡು," ಎಂದಳು ತಮ್ಮನಿಗೆ.

"ಏನಿದೆ ಊಟಕ್ಕೆ?"

"ನಿನ್ನ ಮನೇಲಿ ಇರೋದಕ್ಕಿಂತ ಚೆನ್ನಾಗಿರೋದೇ ಇದೆ."

ಮಸಿ ಮೆತ್ತಿದ ಮುಖದಲ್ಲೇ ಅವನು ಕಾರು ಹತ್ತಿದ. ಹುಲ್ಡಾ ಹೊರಟಳು. ಎರಡೂ ಕಡೆ ಬೆಳ್ಳನೆಯ ಬಯಲು. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಹೇಳಲಾಗದು. ತುಂಬ ಹೊತ್ತಾದ ಮೇಲೆ ವಿಲ್ಬರ್ಟ್ ಕೇಳಿದ:

"ಅಕ್ಕ, ಎಲ್ಲಿಗೆ ಹೋಗ್ತಿದೀಯ?"

"ಎಲ್ಲಿಗೆ ಅಂದ್ರೆ? ಮನೆಗೆ."

"ನಿನ್ನ ತಿರುವು ಆಗಲೇ ಹೋಯ್ತಲ್ಲ."

ಅವಳು ಕಾರು ನಿಲ್ಲಿಸಿದಳು. ಮದುವೆಯಾಗಿ ಬಂದ ದಿನದಿಂದ ಓಡಾಡಿದ ದಾರಿ. ಪಕ್ಕದ ಕನ್ನಡಿಯಲ್ಲಿ ಚರ್ಚಿನ ಗೋಪುರ ಬೆರಳುದ್ದ ಆದಾಗ ಎಡಕ್ಕೆ ತಿರುಗುವುದು, ಅಷ್ಟೇ ಅವಳಿಗೆ ಗೊತ್ತಿದ್ದ ಲೆಕ್ಕ. ಈಗ ಕನ್ನಡಿಯಲ್ಲಿ ಒಂದು ಎಳೆ ಹೊಗೆ ಬಿಟ್ಟು ಮತ್ತೇನೂ ಇರಲಿಲ್ಲ. ಎದುರಿಗೆ ಪಕ್ಕದ ಕೌಂಟಿಯ ಹೆಸರು ಬರೆದ ಹಲಗೆ ಕಾಣುತ್ತಿತ್ತು.

"ಇಳಿದು ನಾನು ಓಡಿಸ್ಲಾ?" ಎಂದ ವಿಲ್ಬರ್ಟ್.

"ಬೇಡ," ಎಂದಳು. "ದಾರಿ ಹೇಳು, ಸಾಕು."

ಖಾಲಿ ರಸ್ತೆಯಲ್ಲಿ ಅವಳು ಕಾರನ್ನು ನಿಧಾನವಾಗಿ ತಿರುಗಿಸಿಕೊಂಡಳು.