ಪಕ್ಕದ ಗೋರಿಗಾಗಿ ಒಂದು ಪಂಥ

ನಮ್ಮ ಪಂಥ ಹುಟ್ಟಿದ್ದು ನನ್ನ ರೊಟ್ಟಿ ಅಂಗಡಿಯಲ್ಲಿ. ಲೆಬನಾನಿನ ಉಳಿದ ಪಂಥಗಳು ಗುಹೆಯಲ್ಲೋ ಮರುಭೂಮಿಯಲ್ಲೋ ಹುಟ್ಟಿದವು. ಪಾಪ, ಅವಕ್ಕೆ ನನ್ನ ಒಲೆ ಸಿಕ್ಕಿರಲಿಲ್ಲ. ನಾನು ಝಾತರ್ ಸೊಪ್ಪಿನ ಪುಡಿ ಹಚ್ಚಿ ರೊಟ್ಟಿ ಸುಟ್ಟರೆ ಕಡಲಾಚೆಯ ಸೈಪ್ರಸ್‌ನಲ್ಲಿ ಬೆಕ್ಕುಗಳು ಎದ್ದು ಕೂರುತ್ತವೆ.

ಅದೇ ಸೈಪ್ರಸ್‌ಗೆ ನಲವತ್ತು ವರ್ಷದ ಹಿಂದೆ ನನ್ನ ವದಾದ್ ಚಿಕ್ಕಮ್ಮ ಹಡಗು ಹತ್ತಿ ಹೋಗಿ, ಗಡಿಯಾರ ರಿಪೇರಿಯ ಅದ್ನಾನ್‌ನನ್ನು ಮದುವೆಯಾಗಿ ಬಂದಿದ್ದಳು. ಅವಳು ಕ್ರೈಸ್ತಳು, ಅವನು ಮುಸಲ್ಮಾನ. ನಮ್ಮಲ್ಲಿ ಸರ್ಕಾರಿ ಮದುವೆ ಇಲ್ಲ, ಹಾಗಾಗಿ ತಂತಮ್ಮ ದೇವರನ್ನು ಬಿಡಲೊಪ್ಪದ ಜೋಡಿಗಳೆಲ್ಲ ಹಡಗು ಹತ್ತುವುದೇ ವಾಡಿಕೆ. ಮದುವೆಗೇನೋ ಹಡಗುಂಟು, ಮಣ್ಣಿಗೆ? ಅದ್ನಾನನಿಗೆ ಎದೆನೋವು ಬಂದ ವರ್ಷ ಮಸೀದಿಯ ಸ್ಮಶಾನದವರು "ನೀನು ಬಾ, ಅವಳು ಬೇಡ" ಎಂದರು. ಇಗರ್ಜಿಯವರು "ಅವಳು ಬರಲಿ, ನೀನು ಬೇಡ" ಎಂದರು.

"ನಲವತ್ತು ವರ್ಷ ಈ ಮನುಷ್ಯನ ಗೊರಕೆ ಕೇಳಿದೀನಿ," ಚಿಕ್ಕಮ್ಮ ನನ್ನ ಹಿಟ್ಟಿನ ಮೂಟೆಯ ಮೇಲೆ ಕೂತು ಹೇಳಿದಳು. "ಸದ್ದಡಗಿದ ಮೇಲೆ ಬೇರೆ ಮಲಗು ಅಂತಾರಲ್ಲ, ಇದ್ಯಾವ ನ್ಯಾಯ?"

ರೊಟ್ಟಿಗಾಗಿ ಕಾಯುತ್ತಿದ್ದ ಪಾದ್ರಿ ಅಬೂನಾ ಗಟ್ಟಾಸ್ ತಲೆಯೆತ್ತಿದರು. ಸಾಲಲ್ಲಿ ನಿಂತವರಿಗೆಲ್ಲ, ನೀನ್ಯಾರು ಎಂದು ಕೇಳದೆ ಪ್ರಸಾದದ ರೊಟ್ಟಿ ಕೊಟ್ಟದ್ದಕ್ಕೆ ಬಿಷಪ್ಪರು ಅವರನ್ನು ಕೆಲಸದಿಂದ ತೆಗೆದಿದ್ದರು. ಸಾಲಲ್ಲಿ ಒಂದು ಮೇಕೆಯೂ ಇತ್ತು, ನಾನೇ ನೋಡಿದ್ದೇನೆ.

"ಅಬೂನಾ, ಇಬ್ಬರನ್ನೂ ಹೂಳೋ ಪಂಥ ಒಂದೂ ಇಲ್ವಾ?" ಎಂದೆ.

"ಇಲ್ಲ ಕಣೋ ನಖ್ಲೆ. ನಾವೇ ಮಾಡೋಣ. ದೇಶದಲ್ಲಿ ಹದಿನೆಂಟು ಪಂಥ ಇರೋ ಕಡೆ ಹತ್ತೊಂಬತ್ತಾದ್ರೆ ಯಾರ ಗಂಟು ಹೋಗುತ್ತೆ?"

ನಿಯಮ ಒಂದೇ: ಯೇಸುವಿನ ಮೇಜಿಗೆ ಯಾರು ಬೇಕಾದರೂ ಬರಬಹುದು, ತಮ್ಮ ದೇವರನ್ನೂ ಕರೆತರಬಹುದು. ಸ್ಮಶಾನಕ್ಕೆ ಒಲೆಯ ಹಿಂದಿನ ನನ್ನ ಆಲಿವ್ ತೋಟ ಕೊಟ್ಟೆ. ಪ್ರಳಯ ಇಳಿದಾಗ ನೋಹನ ಪಾರಿವಾಳ ಎಲೆ ಕಿತ್ತದ್ದು ಅಲ್ಲಿಂದಲೇ.

ಪಂಥ ಹುಳಿ ಹಿಟ್ಟಿನಂತೆ ಉಬ್ಬಿತು. ಇಗರ್ಜಿಗಳ ಬೇರೆಬೇರೆ ಪಂಚಾಂಗದಂತೆ ಎರಡು ಈಸ್ಟರ್, ಎರಡು ಕ್ರಿಸ್ಮಸ್, ಜೊತೆಗೆ ಎರಡು ಈದ್, ಎಲ್ಲವೂ ನಮ್ಮವೇ, ಬರದೆ ಇರುವವರ್ಯಾರು? ವರ್ಷದೊಳಗೆ ಹತ್ತು ಸಾವಿರ ಜನ ಸೇರಿದರು. ಅಬೂನಾ ನೂರಿಪ್ಪತ್ತು ಎನ್ನುತ್ತಾರೆ, ಆದರೆ ಅವರು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿಕೊಂಡು ಎಣಿಸಿದವರು.

ಕೆಡಿಸಿದ್ದು ನಮ್ಮ ಪಂಥಕ್ಕೆ ಸೇರಿದ್ದ ನಜ್ವಾ ಟೀಚರ್. "ಹಬ್ಬ ಎಲ್ಲರದ್ದೂ ನಮ್ಮದಾದ್ರೆ, ಉಪವಾಸ?" ಎಂದು ಕೇಳಿಬಿಟ್ಟರು. ಅಬೂನಾ ಪ್ರಾಮಾಣಿಕರು, ಅದೇ ಅವರ ರೋಗ. ಹೌದಲ್ಲ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದರು: ಈಸ್ಟರಿನ ಹಿಂದಿನ ನಲವತ್ತು ದಿನ ಎರಡು ಸಲ, ರಂಜಾನ್ ತಿಂಗಳು, ಕ್ರಿಸ್ಮಸ್ಸಿನ ಮುಂಚಿನದು, ಮಿಕ್ಕ ಬುಧವಾರ ಶುಕ್ರವಾರಗಳು. ನನ್ನ ಲೆಕ್ಕದಲ್ಲಿ ಉಣ್ಣುವುದಕ್ಕೆ ಹನ್ನೊಂದು ದಿನ ಉಳಿಯಿತು, ಅದರಲ್ಲಿ ಎರಡು ದಿನ ನನ್ನ ಅಂಗಡಿಗೆ ರಜೆ. ವಾರದೊಳಗೆ ಪಂಥದಲ್ಲಿ ಹತ್ತೊಂಬತ್ತು ಜನ ಉಳಿದೆವು. ನಾನು ಓಡಿಹೋಗಲಿಲ್ಲ, ಅಂಗಡಿ ನನ್ನದೇ, ಎಲ್ಲಿಗೆ ಹೋಗಲಿ?

ಆ ವಾರವೇ ಅದ್ನಾನ್ ಚಿಕ್ಕಪ್ಪ ತೀರಿಕೊಂಡ.

ತೋಟದಲ್ಲಿ ಗುಂಡಿ ತೋಡಿದೆವು. ತಲೆ ಪಶ್ಚಿಮಕ್ಕೆ, ಪಾದ ಪೂರ್ವಕ್ಕೆ. ನಮ್ಮ ಸೀಮೆಯಲ್ಲಿ ಎರಡು ಧರ್ಮಕ್ಕೂ ಅದೇ ಗುಂಡಿ ಸರಿಹೋಗುತ್ತದೆ. ಜಗಳ ಬಂದದ್ದು ಮಲಗಿಸುವುದರಲ್ಲಿ.

"ಬಲ ಮಗ್ಗುಲಿಗೆ, ಮುಖ ಮಕ್ಕಾ ಕಡೆ," ಎಂದ ಅದ್ನಾನನ ಅಣ್ಣ ಶೌಕಿ. "ಇಲ್ಲಾಂದ್ರೆ ಈಗ್ಲೇ ಊರಿಗೆ ಎತ್ಕೊಂಡು ಹೋಗ್ತೀನಿ."

"ಯೇಸುವಿನ ಪಂಥ ಅಂತೀರಿ, ಅಂಗಾತ ಮಲಗಿಸಿ," ಎಂದ ಚಿಕ್ಕಮ್ಮನ ತಮ್ಮ ಜಿರ್ಜಿ. "ಆಗದಿದ್ರೆ ಅಕ್ಕನ್ನ ನಾಳೆ ನಮ್ಮ ಮನೆತನದ ಗೋರಿಗೇ ಹಾಕ್ತೀನಿ."

"ನಾನಿನ್ನೂ ಬದುಕಿದೀನಿ ಕಣೋ," ಎಂದಳು ಚಿಕ್ಕಮ್ಮ.

ಅಬೂನಾ ಬೈಬಲಿನ ಹಾಳೆ ತಿರುವುತ್ತ ನಿಂತರು. ಶೌಕಿ ಚಟ್ಟದ ಒಂದು ತುದಿ ಹಿಡಿದ, ಜಿರ್ಜಿ ಇನ್ನೊಂದು. ಹೆಣ ನಡುವೆ ತೂಗಿತು. ಚಿಕ್ಕಮ್ಮ ಗುಂಡಿಯ ಅಂಚಿಗೆ ಹೋಗಿ ಕೋಲೂರಿ ನಿಂತಳು.

"ಶೌಕಿ ಭಾವ, ಮಕ್ಕಾ ಎಲ್ಲಿ?"

ಅವನು ದಕ್ಷಿಣಕ್ಕೆ ಕೈ ತೋರಿಸಿದ. ಚಿಕ್ಕಮ್ಮ ಆ ಕಡೆ ಎರಡು ಹೆಜ್ಜೆ ಹೋಗಿ ಕೋಲಿನಿಂದ ನೆಲದಲ್ಲಿ ಗೀರಿದಳು.

"ಹಂಗಿದ್ರೆ ಬಲ ಮಗ್ಗುಲಿಗೇ ಮಲಗಿಸಿ. ನಾನು ಬಂದಾಗ ನನ್ನ ಇಲ್ಲಿ ಅಂಗಾತ ಹಾಕಿ. ಜಿರ್ಜಿ, ನಿನಗೆ ಸಮಾಧಾನನಾ?"

"ಮಕ್ಕಾಗೆ ನೀನು ಅಡ್ಡ ಆಗ್ತೀಯಲ್ಲಮ್ಮ," ಎಂದ ಶೌಕಿ.

"ನಲವತ್ತು ವರ್ಷ ಅವನ ಟೀವಿಗೆ ಅಡ್ಡ ಕೂತಿದೀನಿ. ಒಂದಿನ ಏಳು ಅನ್ಲಿಲ್ಲ. ನನ್ನ ಮೇಲಿಂದ ನೋಡ್ಕೋತಾನೆ ಬಿಡಿ."

ಶೌಕಿ ಚಟ್ಟದ ತುದಿಯನ್ನು ನೆಲಕ್ಕಿಟ್ಟ. ಆಮೇಲೆ ತಾನೇ ಗುಂಡಿಗಿಳಿದು ತಮ್ಮನ ಮುಖವನ್ನು ದಕ್ಷಿಣಕ್ಕೆ ತಿರುಗಿಸಿದ. ಮೇಲಿಂದ ಇಳಿಸಿಕೊಟ್ಟವನು ಜಿರ್ಜಿ.

ಸುದ್ದಿ ಬೆಟ್ಟ ದಾಟಿತು. ಅಬೂನಾ ಉಪವಾಸದ ಪಟ್ಟಿ ಹರಿದರು. ಆದರೂ ಜನ ಈಗ ಬರುವುದು ಹಬ್ಬಕ್ಕಲ್ಲ, ಹಡಗು ಹತ್ತಿದ ಜೋಡಿಗಳು ಕೈಕೈ ಹಿಡಿದು ಜಾಗ ನೋಡಲು ಬರುತ್ತಾರೆ. ಲಕ್ಷ ದಾಟಿದ್ದೇವೆ, ಅಬೂನಾ ಏನಾದರೂ ಹೇಳಲಿ. ಎಲ್ಲರೂ ಮೊದಲು ಕೇಳುವುದು ಅದ್ನಾನನ ದಕ್ಷಿಣದ ಜಾಗವನ್ನೇ. ಅದಕ್ಕೇ ಚಿಕ್ಕಮ್ಮ ದಿನಾ ಬೆಳಿಗ್ಗೆ ಆ ಗೀರಿನ ಮೇಲೆ ಸ್ಟೂಲು ಹಾಕಿಕೊಂಡು, ಅವನಿಗೆ ಅಡ್ಡವಾಗಿ ಕೂತು ಕಾಫಿ ಕುಡಿಯುತ್ತಾಳೆ.