ಅರ್ಧ ಬಟ್ಟಲು ಚಹಾ

"ಕಣ್ಣು ಮುಚ್ಕೊಳ್ಳಿ. ಐದು ವರ್ಷ ಆದ್ಮೇಲೆ ನೀವು ಎಲ್ಲಿದ್ದೀರಿ? ಏನ್ ಕಾಣಿಸ್ತಿದೆ?"

ರಾಜಧಾನಿ ಅಸ್ತಾನಾದಿಂದ ತರಬೇತಿ ಕೊಡಲು ಬಂದಿದ್ದ ಹೆಂಗಸು ವೆನೆರಾ ಕೇಳಿದಳು. ಶೋಲ್ಪನ್ ಕಣ್ಣು ಮುಚ್ಚಿದಳು. ಕಾಣಿಸಿದ್ದು ಪ್ರಯೋಗಾಲಯದ ಫ್ರಿಜ್. ಅದರೊಳಗೆ ಅವಳು ಹೊಲ ಹೊಲ ಅಲೆದು ಕಿತ್ತು ತಂದ, ಹಳದಿ ತುಕ್ಕು ರೋಗ ಹಿಡಿದ ಗೋಧಿ ಎಲೆಗಳು. ಐದು ವರ್ಷದ ಮಾತು ಹಾಗಿರಲಿ, ಜೂನ್ ಮುಗಿದರೆ ಅವಳ ಗುತ್ತಿಗೆಯೂ ಮುಗಿಯುತ್ತದೆ. ಫ್ರಿಜ್ ಇನ್ನೊಬ್ಬರ ಪಾಲಾಗುತ್ತದೆ, ಎಲೆಗಳು ಕಸದ ಬುಟ್ಟಿಯ ಪಾಲಾಗುತ್ತವೆ. ಡಾಕ್ಟರೇಟ್ ಆದಾಗಿನಿಂದ ಅವಳು ಹೀಗೇ ಒಂದು ಗುತ್ತಿಗೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಮೂವತ್ತಾರಕ್ಕೆ ಬಂದು ನಿಂತಿದ್ದಳು. ಅಲ್ಮಾಟಿಯ ಆ ಸಂಸ್ಥೆಯಲ್ಲಿ ಈ ಸಲ ಮಂಜೂರಾಗಿದ್ದದ್ದು ಒಂದೇ ಒಂದು ಖಾಯಂ ಹುದ್ದೆ. ಅದು ಸಿಗದಿದ್ದರೆ ಚಿಕ್ಕಪ್ಪನ ಮಗನ ಕೀಟನಾಶಕದ ಅಂಗಡಿಯೇ ಗತಿ.

"ಈಗ ಆ ಚಿತ್ರಾನ ಒಂದು ಮರದ ಥರ ಬಿಡಿಸಿ" ಎಂದು ವೆನೆರಾ ಬಣ್ಣದ ಪೆನ್ನುಗಳನ್ನು ಹಂಚಿದಳು. ಗೋಧಿಯ ವಂಶವಾಹಿ ಓದಬಲ್ಲವರು, ಹಿಮನದಿ ಅಳೆದು ಬಂದವರು ಎಲ್ಲರೂ ತಲೆ ತಗ್ಗಿಸಿ ಹಸಿರು ಬಣ್ಣ ಬಳಿದರು. ಆಮೇಲೆ ಕೈ ಕುಲುಕುವುದು ಹೇಗೆ ಎಂಬ ಪಾಠ. ಅದರ ಮೇಲೆ, ಲಿಫ್ಟಿನಲ್ಲಿ ಮಂತ್ರಿ ಸಿಕ್ಕರೆ ನಿಮ್ಮ ಸಂಶೋಧನೆಯನ್ನು ಎರಡೇ ನಿಮಿಷದಲ್ಲಿ ಹೇಳುವುದು ಹೇಗೆ ಎಂಬ ಪಾಠ. ಸಂಸ್ಥೆಯ ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ, ಮಂತ್ರಿ ಬಂದರೂ ಮೆಟ್ಟಿಲೇ ಹತ್ತಬೇಕು.

"ನಿಮ್ಮ ಕೆಲಸದ ಬಗ್ಗೆ ನೀವೇ ಬಾಯಿ ಬಿಡದಿದ್ರೆ ಇನ್ಯಾರು ಬಿಡ್ತಾರೆ?" ಎಂದಳು ವೆನೆರಾ. "ನಾನೂ ಕೆಮಿಸ್ಟ್ರಿ ಓದಿದೋಳೇ. ಬಾಯಿ ಬಿಡ್ಲಿಲ್ಲ, ಹುದ್ದೆ ಸಿಗ್ಲಿಲ್ಲ. ಅದಕ್ಕೇ ಈಗ ಹುದ್ದೆ ಗಿಟ್ಟಿಸೋದು ಹೇಗೆ ಅಂತ ಕಲಿಸ್ಕೊಂಡು ತಿರುಗ್ತಿದ್ದೀನಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದೌಲೆತ್. ಶೋಲ್ಪನ್‌ಳ ಲ್ಯಾಬಿನವನೇ, ಅವಳಿಗಿಂತ ಕಿರಿಯ, ಅದೇ ಹುದ್ದೆಗೆ ಅರ್ಜಿ ಹಾಕಿದವನು. ಕೆಟ್ಟ ಹುಡುಗನಾಗಿದ್ದರೆ ಬೈದುಕೊಂಡಾದರೂ ಸಮಾಧಾನಪಡಬಹುದಿತ್ತು. ಅವನು ಒಳ್ಳೆಯವನು, ಕಂಡಾಗಲೆಲ್ಲ ಅಕ್ಕ ಅಕ್ಕ ಎನ್ನುವವನು. ಅದೇ ದೊಡ್ಡ ಕಿರಿಕಿರಿ.

ಮಧ್ಯಾಹ್ನ ಆಯ್ಕೆ ಸಮಿತಿಯ ಅಧ್ಯಕ್ಷರು ಬಂದರು. ಹೆಸರು ಸಪರ್, ತಲೆ ಪೂರಾ ನೆರೆತ ಅವರನ್ನು ಎಲ್ಲರೂ ಅತಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಅರ್ಜಿ ಹಾಕಿದವರೆಲ್ಲ ಅವರೆದುರು ಎರಡೆರಡು ನಿಮಿಷ ಮಾತಾಡಬೇಕಿತ್ತು. ಶೋಲ್ಪನ್ ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಅತಾ ವೇದಿಕೆಯನ್ನೂ ಮೈಕನ್ನೂ ನೋಡಿ ಮುಖ ಸಿಂಡರಿಸಿದರು.

"ಶಾಲೆ ಮಕ್ಕಳ ಥರ ನಿಂತ್ಕೊಂಡು ಪಾಠ ಒಪ್ಪಿಸ್ಬೇಡ್ರಪ್ಪ. ಬನ್ನಿ, ಚಹಾ ಕುಡೀತಾ ಮಾತಾಡೋಣ."

ಉದ್ದ ಮೇಜಿನ ಮೇಲೆ ಹಿಟ್ಟಿನ ಉಂಡೆ ಕರಿದ ಬೌರ್ಸಾಕ್, ಒಣ ಏಪ್ರಿಕಾಟ್, ಮೂಲೆಯಲ್ಲಿ ಕುದಿನೀರಿನ ನಲ್ಲಿಪಾತ್ರೆ ಸಮೋವರ್ ಬಂದವು. ಲ್ಯಾಬಿನ ಮುಖ್ಯಸ್ಥ ತುರ್ಸಿನ್‌ಬೆಕ್ ಸುತ್ತ ನೋಡಿದರು. ಅಲ್ಲಿನ ರೂಢಿಯಂತೆ ಮನೆಯ ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳು ಚಹಾ ಹೊಯ್ಯಬೇಕು. ಅವಳು ಡಾಕ್ಟರೇಟ್ ಮಾಡಿದ್ದರೂ ಅಷ್ಟೇ, ಚಂದ್ರನ ಮೇಲೆ ಕಾಲಿಟ್ಟು ಬಂದಿದ್ದರೂ ಅಷ್ಟೇ. ವೆನೆರಾ ಅತಿಥಿ, ಲೆಕ್ಕಕ್ಕಿಲ್ಲ. ಶೋಲ್ಪನ್‌ಗಿಂತ ಒಂದೇ ವರ್ಷ ದೊಡ್ಡವಳಾದ ಸಹೋದ್ಯೋಗಿ ರೌಶನ್ ಕಣ್ಣು ತಪ್ಪಿಸಿ ಸರಕ್ಕನೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

"ಶೋಲ್ಪನ್, ನನ್ನವ್ವ, ಚಹಾ ನೀನು ನೋಡ್ಕೊ."

"ಸರ್, ನನ್ನ ಸರದಿ..."

"ಬರುತ್ತೆ ಬರುತ್ತೆ, ಎಲ್ಲಿಗೆ ಓಡಿ ಹೋಗುತ್ತೆ?"

ಚಹಾ ಹೊಯ್ಯುವುದೆಂದರೆ ಒಂದು ಸಲ ಹೊಯ್ದು ಕೂರುವ ಕೆಲಸವಲ್ಲ. ಮೊದಲು ಹಾಲು, ಆಮೇಲೆ ಡಿಕಾಕ್ಷನ್, ಕೊನೆಗೆ ಕುದಿನೀರು, ಅದೂ ಅರ್ಧ ಬಟ್ಟಲು ಮಾತ್ರ. ಕುಡಿದ ಹಾಗೆಲ್ಲ ಬಟ್ಟಲು ವಾಪಸು ಬರಬೇಕು, ಮತ್ತೆ ಅರ್ಧ ಹೋಗಬೇಕು, ಅದೇ ಮರ್ಯಾದೆ. ಅಂಚಿನವರೆಗೆ ತುಂಬಿಸಿ ಕೊಟ್ಟರೆ, ಕುಡಿದು ಎದ್ದು ನಡಿ ಎಂದು ಮುಖಕ್ಕೆ ಹೇಳಿದ ಹಾಗೆ. ಹತ್ತಾರು ಬಟ್ಟಲುಗಳು ಹೋಗಿ ಬರುತ್ತಿದ್ದವು. ಯಾವುದು ಯಾರದು, ಯಾರಿಗೆ ಕಡಕ್, ಯಾರಿಗೆ ಹಾಲು ಹೆಚ್ಚು ಎಂಬ ಲೆಕ್ಕದಲ್ಲಿ ಶೋಲ್ಪನ್‌ಗೆ ತನ್ನ ಎರಡು ನಿಮಿಷದ ಮೊದಲ ಸಾಲೇ ಮರೆತುಹೋಯಿತು.

ಒಬ್ಬೊಬ್ಬರೇ ಮಾತಾಡಿದರು. ದೌಲೆತ್ ತನ್ನದನ್ನು ಚೆನ್ನಾಗಿಯೇ ಹೇಳಿದ. ಅವನು ಮುಗಿಸುತ್ತಿದ್ದಂತೆ ತುರ್ಸಿನ್‌ಬೆಕ್ ಅವನ ಭುಜ ತಟ್ಟಿದರು. "ಹಾಗೇ ಶೋಲ್ಪನ್‌ದೂ ಹೇಳ್ಬಿಡಪ್ಪ. ಒಂದೇ ಲ್ಯಾಬ್ ತಾನೆ? ಅವಳಿಗೆ ಕೈ ಬಿಡುವಿಲ್ಲ ಪಾಪ."

ದೌಲೆತ್ ಅವಳ ಕಡೆ ತಿರುಗಿದ. "ಅಕ್ಕ, ಹೇಳ್ಲಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಯಾಕೆ ಆಡಿಸಿದಳೋ, ಆ ತಲೆಯನ್ನೇ ಕೇಳಬೇಕು. ಇಷ್ಟು ವರ್ಷವೂ ಹೀಗೆ ಆಡಿಸಿ ಆಡಿಸಿಯೇ ಅವಳು ಸಮೋವರಿನ ಹಿಂದೆ ಬಂದು ಕೂತದ್ದು.

"ನಮ್ಮಕ್ಕ ಶು ಕಣಿವೆಯಲ್ಲಿ ತುಕ್ಕು ಹಿಡಿಯದ ಗೋಧಿ ತಳಿ ಪತ್ತೆ ಮಾಡಿದ್ದಾರೆ ಅತಾ" ಎಂದು ದೌಲೆತ್ ಅಭಿಮಾನದಿಂದಲೇ ಶುರು ಮಾಡಿದ. "ಒಂದೇ ಒಂದು ಎಲೆಗೂ ರೋಗ ಇಲ್ಲ. ಬೀಜ ರೈತರಿಗೆ ಕೊಡೋಕೆ ರೆಡಿ."

ಶೋಲ್ಪನ್ ಸಮೋವರಿನ ನಲ್ಲಿ ತಿರುವಿದಳು. ರೋಗ ಇಲ್ಲವೆ? ಹೋದ ಬೇಸಿಗೆಯಲ್ಲಿ ಅದೇ ತಳಿಯ ಎಲೆ ಮುಟ್ಟಿ ಅವಳ ಬೆರಳು ಹಳದಿಯಾಗಿತ್ತು. ಬಂದು ಹೇಳಿದ್ದಕ್ಕೆ ತುರ್ಸಿನ್‌ಬೆಕ್, ಈಗ ಬೇಡ, ರೋಗ ಇಲ್ಲವೆಂಬ ವರದಿ ಹೋಗಿಯಾಗಿದೆ ಎಂದಿದ್ದರು. ಆಗಲೂ ಅವಳು ತಲೆಯಾಡಿಸಿದ್ದಳು. ರೋಗ ವೇಷ ಬದಲಿಸಿದ್ದು ಹೇಗೆ ಎಂದು ಚಳಿಗಾಲವೆಲ್ಲ ಕೂತು ಹುಡುಕಿದ್ದಳು, ಹುಡುಕಿ ಕಂಡೂ ಇದ್ದಳು. ಅವಳ ಕೆಲಸವೆಂದರೆ ಅದು. ಅದನ್ನು ಬಿಟ್ಟು ಈ ಹುಡುಗ ಬೀಜ ಹಂಚಲು ಹೊರಟಿದ್ದಾನೆ! ಕೋಪ ನೆತ್ತಿಗೇರಿತು. ಬಟ್ಟಲು ಕೈಯಿಂದ ಕೈಗೆ ದಾಟಿ ಮೇಜಿನ ತಲೆಗೆ ಹೋಯಿತು. ರೌಶನ್ ಹ್ಞಾ ಎಂದು ಕೈ ಚಾಚುವಷ್ಟರಲ್ಲಿ ತಡವಾಗಿತ್ತು.

ಸಪರ್ ಅತಾ ಎದುರಿಗೆ ಬಂದ ಬಟ್ಟಲು ಅಂಚಿನವರೆಗೆ ತುಂಬಿತ್ತು.

ದೌಲೆತ್‌ನ ಬಾಯಿ ತೆರೆದೇ ಇತ್ತು. ಅತಾ ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು.

"ಏನಮ್ಮಾ? ಎದ್ದು ಹೋಗು ಅಂತೀಯಾ?"

"ಕೊಡಿ ಅತಾ, ಇತ್ತ ಕೊಡಿ" ಎಂದು ತುರ್ಸಿನ್‌ಬೆಕ್ ಕೆಂಪಾಗಿ ಎದ್ದರು. "ಬುದ್ಧಿ ಎಲ್ಲಿ ಮೇಯೋಕೆ ಹೋಗಿದೆಯೋ ಇವಳಿಗೆ! ಕ್ಷಮೆ ಕೇಳು ಶೋಲ್ಪನ್."

ಕ್ಷಮಿಸಿ ಎನ್ನಲೆಂದೇ ಅವಳು ಬಾಯಿ ತೆರೆದಳು.

"ಆ ತಳಿಗೂ ತುಕ್ಕು ಬಂದಿದೆ ಅತಾ" ಎಂಬ ಮಾತು ಬಂತು. "ಬೀಜ ಕೊಟ್ರೆ ರೈತರು ಮುಳುಗ್ತಾರೆ. ದೌಲೆತ್‌ಗೆ ಗೊತ್ತಿಲ್ಲ, ಅವನ ತಪ್ಪಲ್ಲ. ನಮ್ಮ ಸರ್‌ಗೆ ಗೊತ್ತು."

ಬಟ್ಟಲಿಗೆಂದು ಚಾಚಿದ ತುರ್ಸಿನ್‌ಬೆಕ್ ಕೈ ಅಲ್ಲೇ ನಿಂತಿತು. ಅತಾ ಬಟ್ಟಲನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಬಿಸಿ ಇದೆ, ತುಂಬಾನೂ ಇದೆ. ಕುಡಿಯೋಕೆ ಹೊತ್ತು ಹಿಡಿಯುತ್ತೆ" ಎಂದರು. "ಅಲ್ಲೀತನಕ ಹೇಳು. ಖಾಲಿ ಆದ ತಕ್ಷಣ ಎದ್ದು ಹೋಗ್ತೀನಿ, ನೀನು ಹೇಳಿದ ಹಾಗೇ."

ಶೋಲ್ಪನ್ ಎದ್ದು ನಿಂತು ಹೇಳತೊಡಗಿದಳು. ಕನ್ನಡಿಯ ಮುಂದೆ ಕಲಿತದ್ದು ಒಂದೂ ನೆನಪಾಗಲಿಲ್ಲ. ಮಾತು ಹಿಂದುಮುಂದಾಯಿತು. ಆಮೇಲೆ ಮಾತಿಗೆ ದಾರಿ ಸಿಕ್ಕಿತು. ಯಾವ ಹೊಲ, ಯಾವ ಗಾಳಿ, ತಳಿಯ ಕಾವಲನ್ನು ರೋಗ ಎಲ್ಲಿಂದ ದಾಟಿತು, ಇನ್ನೆರಡು ವರ್ಷ ಆ ಎಲೆಗಳು ಫ್ರಿಜ್ಜಿನಲ್ಲಿ ಯಾಕಿರಬೇಕು ಎಂದು ಒಂದೊಂದಾಗಿ ಬಂತು. ಸಮಯ ಮುಗಿಯಿತೆಂದು ಗಂಟೆ ಬಾರಿಸಬೇಕಿದ್ದ ವೆನೆರಾ ಗಂಟೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಮೇಜಿನ ಉದ್ದಕ್ಕೂ ಖಾಲಿ ಬಟ್ಟಲುಗಳು ಸಮೋವರಿನ ಕಡೆಗೆ ಸರಿದು ಬಂದು ಸಾಲಾಗಿ ನಿಂತವು. ಯಾರೂ ಹೊಯ್ಯಲಿಲ್ಲ.

ಅತಾ ಒಂದೊಂದೇ ಗುಟುಕು ಹೀರುತ್ತಿದ್ದರು. ಕೊನೆಗೆ ತಳದಲ್ಲಿ ಒಂದು ಗುಟುಕು ಉಳಿಯಿತು. ಅವರು ಬಟ್ಟಲನ್ನು ತುಟಿಯವರೆಗೆ ತಂದರು, ತಡೆದರು, ಹಾಗೇ ಕೆಳಗಿಟ್ಟು ಅದರ ಮೇಲೆ ಅಂಗೈ ಮುಚ್ಚಿದರು.

"ಆ ಎಲೆ ಯಾವ ತಿಂಗಳಲ್ಲಿ ಕಿತ್ತೆ ಅಂದೆ?" ಎಂದು ಕೇಳಿದರು.